ಸರದಿಯಲ್ಲಿ ಕೊನೆಯವರು

ಬ್ರಿಟನ್ನಿನಲ್ಲಿ ಒಂದು ಕಂಪನಿ ಮುಳುಗಿದರೆ, ಉಳಿದದ್ದನ್ನು ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಆಮೇಲೆ ಎಂದು ಕಾನೂನೇ ಸರದಿ ಗೊತ್ತುಮಾಡಿದೆ. ಕಟ್ಟಡವನ್ನೋ ಯಂತ್ರವನ್ನೋ ಅಡವಿಟ್ಟುಕೊಂಡ ಬ್ಯಾಂಕು ಎಲ್ಲರಿಗಿಂತ ಮುಂದೆ. ಆಮೇಲೆ ಲೆಕ್ಕ ಚುಕ್ತಾ ಮಾಡಲು ಬಂದವರ ಖರ್ಚು. ಅದರ ಹಿಂದೆ ನೌಕರರ ಬಾಕಿ ಸಂಬಳ; ಅದೂ ಕೊನೆಯ 4 ತಿಂಗಳದ್ದು, ತಲೆಗೆ 800 ಪೌಂಡಿನವರೆಗೆ ಮಾತ್ರ. ಈ 800ರ ಮಿತಿ 1986ರಲ್ಲಿ ನಿಗದಿಯಾದದ್ದು. ಆಗಿನ 800 ಪೌಂಡಿಗೂ ಈಗಿನದಕ್ಕೂ ಅಜಗಜಾಂತರ, ಆದರೂ ಅಂಕಿ ಕದಲಿಲ್ಲ. ನೌಕರರ ಹಿಂದೆ ತೆರಿಗೆ ಇಲಾಖೆ, ಸರಕು ಕೊಟ್ಟ ವ್ಯಾಪಾರಿಗಳು, ಕಟ್ಟಕಡೆಗೆ ಷೇರುದಾರರು. ಸರಕಾರದ ವಿಮಾ ನಿಧಿಯಿಂದ ನೌಕರರಿಗೆ ಇನ್ನಷ್ಟು ಸಿಗುತ್ತದೆ ಎನ್ನುವುದು ನಿಜ. ಅಷ್ಟು ಕನಿಕರ ಆ ದೇಶಕ್ಕಿದೆ.

ಸ್ಕಾಟ್ಲೆಂಡಿನಲ್ಲಿ ಸಣ್ಣ ತಂತ್ರಜ್ಞಾನ ಕಂಪನಿ ನಡೆಸುವವರು ನಾಲ್ಕು ಜನ ಸೇರಿದರೆ ಮಾತು ಹಣ ಎಲ್ಲಿಂದ ತರುವುದು ಎಂಬುದರ ಸುತ್ತಲೇ ತಿರುಗುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದಿಗಿಂತ ಈಗ ದಾರಿಗಳು ಹೆಚ್ಚು. ಉದ್ಯಮಗಳಿಗೆ ನೆರವಾಗುವ ಸರಕಾರಿ ಸಂಸ್ಥೆ ಸ್ಕಾಟಿಷ್ ಎಂಟರ್‌ಪ್ರೈಸ್ ಇದೆ. 2020ರಲ್ಲಿ ಸರಕಾರ ಹತ್ತು ವರ್ಷಕ್ಕೆ 200 ಕೋಟಿ ಪೌಂಡ್ ಬಂಡವಾಳದ ಭರವಸೆ ಕೊಟ್ಟು ಸ್ಥಾಪಿಸಿದ ರಾಷ್ಟ್ರೀಯ ಹೂಡಿಕೆ ಬ್ಯಾಂಕು ಇದೆ. 1992ರಿಂದ ಎಡಿನ್‌ಬರೊದಲ್ಲಿ ಆರ್ಕೇಂಜಲ್ಸ್ ಎಂಬ ಹೂಡಿಕೆದಾರರ ಬಳಗವಿದೆ; ಕೆಲಸ ಮಾಡಿ ಗಳಿಸಿದವರು ತಮ್ಮ ಸ್ವಂತ ಹಣವನ್ನು ಹೊಸಬರ ಕೈಗಿಡುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ಬಂದ ಹಣ ಯಾವ ಸರದಿಯಲ್ಲಿ ವಾಪಸಾಗುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಕಂಪನಿಯೊಂದರ ಧರ್ಮಾಧರ್ಮವೆಲ್ಲ ಆ ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ. ಎಲ್ಲರಿಗೂ ಸಾಕಾಗುವಷ್ಟು ಇದ್ದಾಗ ಯಾರು ಬೇಕಾದರೂ ಉದಾರಿಯಾಗಿರಬಹುದು. ಸಾಲದೆ ಹೋದಾಗ ಯಾರ ಕೈ ಬರಿದಾಗಬೇಕು ಎಂಬುದನ್ನು ಮಾತ್ರ ಹಣ ಬರುವ ದಿನವೇ, ಎಲ್ಲರೂ ನಗುನಗುತ್ತ ಕೈಕುಲುಕುವಾಗಲೇ, ಪತ್ರದಲ್ಲಿ ಬರೆದಿಟ್ಟಿರುತ್ತಾರೆ.

ಫ್ಯಾನ್‌ಡ್ಯುಯಲ್ ಕತೆ ಇದಕ್ಕೆ ಸಾಕ್ಷಿ. 2009ರಲ್ಲಿ ಎಡಿನ್‌ಬರೊದಲ್ಲಿ ಐವರು ಸೇರಿ ಶುರುಮಾಡಿದ ಆನ್‌ಲೈನ್ ಕ್ರೀಡಾ ಕಂಪನಿ ಅದು. ಅಮೆರಿಕದ ಮಾರುಕಟ್ಟೆ ಹಿಡಿಯಲು ದೊಡ್ಡ ದೊಡ್ಡ ಹೂಡಿಕೆದಾರರಿಂದ ಮೇಲಿಂದ ಮೇಲೆ ಹಣ ಪಡೆಯಿತು. ಒಂದು ಹಂತದಲ್ಲಿ ಅದರ ಬೆಲೆ 100 ಕೋಟಿ ಡಾಲರ್ ದಾಟಿತೆಂದು ಪತ್ರಿಕೆಗಳು ಹೊಗಳಿದವು. 2018ರಲ್ಲಿ ಅದು ಪ್ಯಾಡಿ ಪವರ್ ಬೆಟ್‌ಫೇರ್ ಎಂಬ ಬಾಜಿ ಸಂಸ್ಥೆಯ ಅಮೆರಿಕದ ವ್ಯವಹಾರದೊಡನೆ ವಿಲೀನವಾಯಿತು. ಆಗ ಕಂಪನಿಗೆ ಕಟ್ಟಿದ ಬೆಲೆ 46.5 ಕೋಟಿ ಡಾಲರ್. ಆದ್ಯತೆಯ ಷೇರುಗಳಿದ್ದ ಹೂಡಿಕೆದಾರರಿಗೆ ಮೊದಲ 55.9 ಕೋಟಿ ಡಾಲರಿನ ಮೇಲೆ ಹಕ್ಕಿತ್ತು. ಮಿಕ್ಕಿದ್ದು ಏನೂ ಇಲ್ಲ. ಕಂಪನಿ ಕಟ್ಟಿದ ಐವರಿಗೂ, ಸಾಮಾನ್ಯ ಷೇರನ್ನು ನಂಬಿಕೊಂಡಿದ್ದ ನೌಕರರಿಗೂ ಒಂದು ಬಿಡಿಗಾಸು ಸಿಗಲಿಲ್ಲ. ಆ ಬೆಲೆ ಕಟ್ಟಿದ್ದೇ ಸರಿಯಲ್ಲವೆಂದು ಅವರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು, ಅದು ವರ್ಷಗಟ್ಟಲೆ ನಡೆಯಿತು. ನ್ಯಾಯಾಲಯದ ಕೆಲಸ ನ್ಯಾಯಾಲಯಕ್ಕಿರಲಿ. ನನ್ನನ್ನು ಕಾಡುವವರು ಆ ನೌಕರರು. ಐವರು ಸಂಸ್ಥಾಪಕರಿಗೆ ತಾವು ಯಾವ ಪತ್ರಕ್ಕೆ ಸಹಿ ಹಾಕಿದೆವೆಂದು ಗೊತ್ತಿತ್ತು, ವಕೀಲರಿದ್ದರು. ಸಂಬಳ ಸ್ವಲ್ಪ ಕಡಿಮೆಯಾದರೂ ಷೇರು ಇದೆಯಲ್ಲ ಎಂದುಕೊಂಡು ರಾತ್ರಿ ಹಗಲು ದುಡಿಯುವ ಹುಡುಗರಿಗೆ, ಹುಡುಗಿಯರಿಗೆ, ಎಷ್ಟು ಕಂಪನಿಗಳಲ್ಲಿ ಈ 55.9 ಕೋಟಿಯಂಥ ಗೆರೆ ಎಲ್ಲಿದೆಯೆಂದು ಯಾರಾದರೂ ತೋರಿಸಿರುತ್ತಾರೆ?

ಹಣ ಹಾಕಿದವರನ್ನು ಖಳರನ್ನಾಗಿ ಮಾಡುವುದು ಸುಲಭ. ಆದರೆ ಸ್ಕಾಟ್ಲೆಂಡಿನ ಅತ್ಯಂತ ಹೆಸರಾಂತ ಯಂತ್ರದ ಕತೆ ಓದಿದವರು ಹಾಗೆ ಮಾಡಲಾರರು.

ಗ್ರೀನಕ್ ಊರಿನ ಜೇಮ್ಸ್ ವಾಟ್ 1757ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಆವರಣದಲ್ಲಿ ಉಪಕರಣ ರಿಪೇರಿಯ ಅಂಗಡಿ ಇಟ್ಟ. ಈಗಿನ ಮಾತಿನಲ್ಲಿ ಹೇಳುವುದಾದರೆ ಸಣ್ಣ ತಂತ್ರಜ್ಞಾನ ಕಂಪನಿಯೇ. ಹಬೆಯಂತ್ರದ ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ ಕಲ್ಲಿದ್ದಲು ಉಳಿಯುತ್ತದೆ ಎಂಬ ಯೋಚನೆ ಅವನಿಗೆ ಹೊಳೆದದ್ದು 1765ರಲ್ಲಿ. ಯೋಚನೆ ಹೊಳೆಯುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು, ಯಂತ್ರ ಮಾರಾಟಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದ ಖರ್ಚು ಯಾರದು? ಮೊದಲು ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಸಾಲ ಕೊಟ್ಟ. ಅದು ಸಾಲದಾದಾಗ ಜಾನ್ ರೋಬಕ್ ಬಂದ. ವೃತ್ತಿಯಿಂದ ವೈದ್ಯ, ಫಾಲ್‌ಕರ್ಕ್ ಬಳಿಯ ಕ್ಯಾರನ್ ಕಬ್ಬಿಣದ ಕಾರ್ಖಾನೆಯ ಸ್ಥಾಪಕರಲ್ಲಿ ಒಬ್ಬ. ವಾಟ್‌ನ ಸುಮಾರು 1000 ಪೌಂಡ್ ಸಾಲವನ್ನು ತನ್ನ ಮೇಲೆ ಎಳೆದುಕೊಂಡು, ಪೇಟೆಂಟಿನ ಖರ್ಚನ್ನೂ ಹೊತ್ತು, ಮೂರರಲ್ಲಿ ಎರಡು ಪಾಲು ತೆಗೆದುಕೊಂಡ. 1769ರಲ್ಲಿ ಪೇಟೆಂಟ್ ಬಂತು. ರೋಬಕ್ ಇದ್ದ ಕಿನೀಲ್ ಬಂಗಲೆಯ ಹಿಂದೆ ಕಲ್ಲಿನ ಸಣ್ಣ ಮನೆಯೊಂದರಲ್ಲಿ ಯಂತ್ರದ ಪ್ರಯೋಗ ನಡೆಯಿತು. ಛಾವಣಿಯಿಲ್ಲದ ಆ ಗೋಡೆಗಳು ಈಗಲೂ ನಿಂತಿವೆ. ಸಿಲಿಂಡರು ಒಳಗಡೆ ಸರಿಯಾಗಿ ದುಂಡಗಿರದೆ ಹಬೆ ಸೋರುತ್ತಿತ್ತು. ಅಷ್ಟು ನಿಖರವಾಗಿ ಕೊರೆಯಬಲ್ಲ ಕೈಗಳು ಅಲ್ಲಿ ಇನ್ನೂ ಇರಲಿಲ್ಲ.

ಯಂತ್ರ ಹೊಟ್ಟೆಗೆ ಹಾಕುತ್ತಿರಲಿಲ್ಲ. ವಾಟ್ ಕಾಲುವೆಗಳ ಸರ್ವೆ ಕೆಲಸ ಹಿಡಿದ, ಮಳೆಯಲ್ಲಿ ಚಳಿಯಲ್ಲಿ ಗುಡ್ಡಗಾಡು ಅಳೆದ. ಅತ್ತ ರೋಬಕ್‌ನ ಕಲ್ಲಿದ್ದಲು ಗಣಿಗಳಿಗೆ ನೀರು ನುಗ್ಗಿತು. ಆ ನೀರೆತ್ತಲೆಂದೇ ಅವನು ವಾಟ್‌ನ ಯಂತ್ರವನ್ನು ನಂಬಿ ಕೂತಿದ್ದ. ಯಂತ್ರ ಹೊತ್ತಿಗೆ ಒದಗಲಿಲ್ಲ. ತನ್ನ ಹಣ, ಹೆಂಡತಿಯ ಹಣ, ನೆಂಟರಿಷ್ಟರಿಂದ ತಂದ ಹಣ ಎಲ್ಲ ಆ ಗಣಿಗಳಲ್ಲಿ ಮುಳುಗಿ 1773ರಲ್ಲಿ ಅವನು ದಿವಾಳಿಯಾದ. ಸಾಲ ಕೊಟ್ಟವರೆಲ್ಲ ಕೂತು ಅವನ ಆಸ್ತಿಗೆ ಬೆಲೆ ಕಟ್ಟುವಾಗ ಯಂತ್ರದ ಪಾಲಿಗೆ ಒಂದು ಕಾಸೂ ಕಟ್ಟಲಿಲ್ಲ. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಮಾತ್ರ ತನಗೆ ಬರಬೇಕಿದ್ದ 1200 ಪೌಂಡಿಗೆ ಬದಲಾಗಿ ಅದನ್ನು ತೆಗೆದುಕೊಂಡ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಾಟ್ ಉತ್ತರದ ಬೆಟ್ಟಗಳಲ್ಲಿ ಕಾಲುವೆಯ ದಾರಿ ಅಳೆಯುತ್ತಿದ್ದಾಗ, ಹೆಂಡತಿ ಪೆಗ್ಗಿಗೆ ಹೆರಿಗೆಯಲ್ಲಿ ಕಷ್ಟವಾಗಿದೆಯೆಂದು ಸುದ್ದಿ ಬಂತು. ಅವನು ಮನೆ ಮುಟ್ಟುವ ಹೊತ್ತಿಗೆ ಆಕೆ ತೀರಿಕೊಂಡಿದ್ದಳು. ಹಿಂದೆ ಅವನು ಲಂಡನ್ನಿನಲ್ಲಿ ಪೇಟೆಂಟಿಗಾಗಿ ಅಲೆಯುತ್ತ ಎದೆಗುಂದಿದ್ದಾಗ, ಇದು ಆಗದಿದ್ದರೆ ಇನ್ನೊಂದು ಆಗುತ್ತದೆ ಎಂದು ಧೈರ್ಯ ಬರೆದು ಕಳಿಸಿದ್ದವಳು ಅವಳು.

ಮರುವರ್ಷ ವಾಟ್ ಬರ್ಮಿಂಗ್‌ಹ್ಯಾಮಿಗೆ ಹೋದ. ಸಿಲಿಂಡರು ಕೊರೆಯುವ ಹೊಸ ವಿಧಾನ ಸಿಕ್ಕಿತು. ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೆಯ ಒಂದು ಪಾಲನ್ನು ಗಿರಾಕಿಗಳಿಂದ ಪಡೆದು ಬೋಲ್ಟನ್ ಮತ್ತು ವಾಟ್ ಶ್ರೀಮಂತರಾದರು. ರೋಬಕ್ ಮಾತ್ರ ಸಾಲ ಕೊಟ್ಟವರ ಪರವಾಗಿ ತನ್ನದೇ ಹಳೆಯ ಗಣಿಗಳನ್ನು ನೋಡಿಕೊಳ್ಳುತ್ತ ಕಾಲ ಹಾಕಿ 1794ರಲ್ಲಿ ಸತ್ತ. ಅವನ ವಿಧವೆಗೆ ಜೀವನಾಧಾರವಾಗಿ ಏನೂ ಉಳಿಯಲಿಲ್ಲ.

ಲೆಕ್ಕದ ಪ್ರಕಾರ ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಬೋಲ್ಟನ್ ಯಾರಿಗೂ ಬೇಡವಾದದ್ದನ್ನು ಕೊಂಡ. ವಾಟ್ ರೋಬಕ್‌ಗಾಗಿ ಮನಸಾರೆ ಮರುಗಿದ. ಆದರೂ ಈ ಲೆಕ್ಕ ಮುಗಿದಿಲ್ಲವೆಂದೇ ನನಗೆ ಅನ್ನಿಸುವುದು. ಯಂತ್ರ ಇನ್ನೂ ಬರಿಯ ಸೋರುವ ಸಿಲಿಂಡರಾಗಿದ್ದಾಗ ಅದರ ಭಾರ ಹೊತ್ತವರು ಗೆಲುವಿನ ಹೊತ್ತಿಗೆ ಸರದಿಯಲ್ಲೇ ಇರಲಿಲ್ಲ. ಹಣ ಹಾಕಿದ ರೋಬಕ್‌ಗೆ ಒಂದು ಪತ್ರವಾದರೂ ಇತ್ತು. ಒಬ್ಬಳೇ ಸಂಸಾರ ತೂಗಿಸಿದ ಪೆಗ್ಗಿಯ ಪಾಲು ಯಾವ ಪತ್ರದಲ್ಲೂ ಇಲ್ಲ. ಸಣ್ಣ ಕಂಪನಿ ನಡೆಸುವ ಪ್ರತಿ ಮನೆಯಲ್ಲಿ ಇಂಥ ಒಬ್ಬರು ಇರುತ್ತಾರೆ. ಅವರ ಖಾಯಂ ನೌಕರಿಯ ಸಂಬಳದಲ್ಲೇ ಮನೆ ಬಾಡಿಗೆ, ಮಕ್ಕಳ ಫೀಜು ನಡೆಯುತ್ತಿರುತ್ತದೆ. ಹೂಡಿಕೆದಾರರ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ.

ಸರದಿಯನ್ನು ಬದಲಿಸಲು ಸಾಧ್ಯ ಎಂದು ತೋರಿಸಿದವರೂ ಅದೇ ನೆಲದಲ್ಲಿದ್ದರು. ಕ್ಲೈಡ್ ನದಿಯ ದಂಡೆಯ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯನ್ನು ನಡೆಸುತ್ತಿದ್ದ ರಾಬರ್ಟ್ ಓವನ್, ಅಮೆರಿಕ ಹತ್ತಿಯ ರಫ್ತಿಗೆ ತಡೆ ಹಾಕಿ 4 ತಿಂಗಳು ಗಿರಣಿ ನಿಂತಾಗ, ಕೆಲಸಗಾರರಿಗೆ ಪೂರ್ತಿ ಸಂಬಳ ಕೊಟ್ಟ. 7000 ಪೌಂಡಿಗಿಂತ ಹೆಚ್ಚು ಖರ್ಚಾಯಿತು. ಪಾಲುದಾರರಿಗೆ ಇಂಥ ಖರ್ಚುಗಳು ಹಿಡಿಸಲಿಲ್ಲ. 1813ರಲ್ಲಿ ಗಿರಣಿ ಹರಾಜಿಗೆ ಬಂದಾಗ ಓವನ್ ಹೊಸ ಪಾಲುದಾರರನ್ನು ಕರೆತಂದ. ತತ್ವಜ್ಞಾನಿ ಜೆರೆಮಿ ಬೆಂಥಮ್ ಅವರಲ್ಲೊಬ್ಬ. ಅವರು ಒಪ್ಪಿದ ಷರತ್ತು ಇಷ್ಟೇ: ವರ್ಷಕ್ಕೆ ಶೇ. 5ರ ಲಾಭ ನಮಗೆ ಸಾಕು, ಮಿಕ್ಕಿದ್ದು ಶಾಲೆಗೆ, ಕೆಲಸಗಾರರ ಹಿತಕ್ಕೆ ಹೋಗಲಿ. ಹೂಡಿಕೆದಾರ ತಾನಾಗಿ ‘ಸಾಕು’ ಎಂದ ಆ ಒಪ್ಪಂದದ ಮೇಲೆ ನನಗೆ ಅಪಾರ ಗೌರವ. ಅಷ್ಟಾದರೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ: ಆ ಹತ್ತಿಯಲ್ಲಿ ಬಹುಪಾಲನ್ನು ಬಿಡಿಸಿದವರು ಅಟ್ಲಾಂಟಿಕ್ ಆಚೆಯ ಗುಲಾಮರು. ಅವರನ್ನು ಯಾರ ಸರದಿಯೂ ಎಣಿಸಿರಲಿಲ್ಲ.

ಇವತ್ತಿನ ಕಾನೂನಿನಲ್ಲೂ ಒಂದು ಒಳ್ಳೆಯ ಅಂಶವಿದೆ, ಅದರ ಬಗ್ಗೆ ಮಾತಾಡುವವರು ವಿರಳ. 2012ರಿಂದ ಬ್ರಿಟನ್ನಿನಲ್ಲಿ ಎಳೆಯ ಕಂಪನಿಯಲ್ಲಿ ಹಣ ಹಾಕುವವರಿಗೆ ಎಸ್‌ಇಐಎಸ್ ಯೋಜನೆಯಡಿ ಹಾಕಿದ ಹಣದ ಅರ್ಧದಷ್ಟು ಆದಾಯ ತೆರಿಗೆಯಲ್ಲಿ ಕಳೆಯುತ್ತದೆ. ಅಂದರೆ ಅರ್ಧ ಅಪಾಯವನ್ನು ಊರಿನ ಎಲ್ಲ ತೆರಿಗೆದಾರರೂ ಹೊರುತ್ತಾರೆ. ಇದಕ್ಕೆ ಪ್ರತಿಯಾಗಿ ಸರಕಾರ ಹಾಕಿದ ಷರತ್ತುಗಳಲ್ಲಿ ಒಂದು, ಕಂಪನಿ ಮುಚ್ಚಿದರೆ ಈ ಷೇರುಗಳಿಗೆ ಆಸ್ತಿಯ ಮೇಲೆ ಯಾವ ಆದ್ಯತೆಯೂ ಇರಬಾರದು ಎಂಬುದು. ಜನರ ದುಡ್ಡಿನ ಆಸರೆ ಪಡೆದವರು ಕಂಪನಿ ಕಟ್ಟಿದವರ ಮುಂದೆ ನುಗ್ಗುವಂತಿಲ್ಲ, ಪಕ್ಕದಲ್ಲಿ ನಿಲ್ಲಬೇಕು. ಕಂಪನಿ ಬೆಳೆದು ದೊಡ್ಡ ಫಂಡುಗಳ ಹತ್ತಿರ ಹೋದಾಗ ಈ ಸಮತೆ ಮುಗಿಯುತ್ತದೆ.

ನನ್ನ ಗೆಳತಿಯೊಬ್ಬಳು, ಅರಸೀಕೆರೆ ಕಡೆಯವಳು, ಎಡಿನ್‌ಬರೊದ ಲೀತ್‌ನಲ್ಲಿ ಆರು ಜನರ ಕಂಪನಿ ನಡೆಸುತ್ತಾಳೆ. ಹಳೆಯ ಕಲ್ಲಿನ ಮನೆಗಳ ಗೋಡೆಯಲ್ಲಿ ತೇವ ಎಷ್ಟು ಏರಿದೆಯೆಂದು ಅಳೆಯುವ ಬೆರಳುದ್ದದ ಸಾಧನ ಅವರದ್ದು. ಅವಳಿಗೆ ಸರಕಾರದ ಇನೊವೇಟ್ ಯುಕೆ ಸಂಸ್ಥೆಯ ಅನುದಾನ ಸಿಕ್ಕಿದಾಗ ಎಲ್ಲರೂ ಅಭಿನಂದಿಸಿದರು. ಆ ಅನುದಾನ ಖರ್ಚು ಮಾಡಿದ ಮೇಲೆ, ಮೂರು ತಿಂಗಳಿಗೊಮ್ಮೆ, ಲೆಕ್ಕ ಒಪ್ಪಿಸಿದ ಮೇಲೆ ಬರುವಂಥದ್ದು. ಸಂಬಳ ಪ್ರತಿ ತಿಂಗಳ 28ಕ್ಕೆ ಹೋಗಲೇಬೇಕು. ನಡುವಿನ ತಿಂಗಳುಗಳಿಗೆ ಬ್ಯಾಂಕು ಸಾಲ ಕೊಡಲು ಸಿದ್ಧವಿತ್ತು, ಅವಳ ಸ್ವಂತ ಜಾಮೀನು ಕೇಳಿತು. ‘ನಮ್ಮಪ್ಪ ಸೊಸೈಟಿ ಸಾಲಕ್ಕೆ ಸ್ನೇಹಿತರಿಗೆ ಜಾಮೀನು ನಿಂತು ತೋಟ ಕಳ್ಕೊಂಡ್ರು. ಆ ಸಹಿ ಮಾತ್ರ ನನ್ ಕೈಯಲ್ಲಿ ಆಗಲ್ಲ’ ಎಂದಳು ಫೋನಿನಲ್ಲಿ. ಆ ತಿಂಗಳುಗಳಲ್ಲಿ ಅವಳು ತನ್ನ ಸಂಬಳ ಬಿಟ್ಟಳು. ಉಳಿದ ಐವರದ್ದು ತಪ್ಪಿಸಲಿಲ್ಲ.

ಆಮೇಲೆ ಒಂದು ಫಂಡು ಬಂತು. ಕಾಲು ಪಾಲಿಗೆ 4 ಲಕ್ಷ ಪೌಂಡ್. ಕಂಪನಿ ಮಾರಾಟವಾದರೆ ಮೊದಲು ಆ 4 ಲಕ್ಷ ವಾಪಸು, ಮಿಕ್ಕಿದ್ದರಲ್ಲಿ ಮತ್ತೆ ಕಾಲು ಪಾಲು. ಸಹಿ ಹಾಕುವ ಮುಂಚೆ ಅವಳು ಐವರನ್ನೂ ಕೂರಿಸಿಕೊಂಡು ಗೋಡೆಯ ಬಿಳಿ ಹಲಗೆಯ ಮೇಲೆ ಲೆಕ್ಕ ಬರೆದಳು. ಶೇ. 1 ಷೇರಿದ್ದ ಹುಡುಗನೊಬ್ಬನಿಗೆ ಆಗಷ್ಟೇ ಮಗು ಹುಟ್ಟಿತ್ತು. ಕಂಪನಿ 10 ಲಕ್ಷಕ್ಕೆ ಹೋದರೆ ತನಗೆ 10 ಸಾವಿರ ಎಂದುಕೊಂಡಿದ್ದ. ಹಲಗೆಯ ಮೇಲೆ 6 ಸಾವಿರ ಬಂತು. 4 ಲಕ್ಷಕ್ಕೆ ಹೋದರೆ ಸೊನ್ನೆ. ಅವನು ಬಹಳ ಹೊತ್ತು ನೋಡಿ, ಷೇರು ಹೆಚ್ಚಿಸುವ ಬದಲು ಸಂಬಳ ಸ್ವಲ್ಪ ಹೆಚ್ಚಿಸಿಕೊಡಿ ಎಂದು ಕೇಳಿದ. ಅವಳು ಒಪ್ಪಿದಳು. ಮಿಕ್ಕಿದ್ದರಲ್ಲಿ ಮತ್ತೆ ಪಾಲು ಕೇಳುವ ಷರತ್ತನ್ನು ಬಿಡಿ ಎಂದು ಫಂಡಿನವರ ಜೊತೆ ಜಗ್ಗಾಡಿದಳು. ಅವರು ಬಿಟ್ಟರು, ಅದಕ್ಕೆ ಬದಲಾಗಿ ಅವಳ ಸ್ವಂತ ಪಾಲಿನಿಂದ ಒಂದಿಷ್ಟು ಷೇರು ಕೇಳಿ ಪಡೆದರು.

ಈಗ ಅಲ್ಲಿ ಕೆಲಸಕ್ಕೆ ಸೇರಲು ಬರುವವರಿಗೆ ನೇಮಕದ ಪತ್ರದ ಜೊತೆ ಇನ್ನೊಂದು ಹಾಳೆ ಕೊಡುತ್ತಾರೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಎಷ್ಟಕ್ಕೆ ಮಾರಿದರೆ ನಿಮಗೆಷ್ಟು ಎಂಬ ಕೋಷ್ಟಕ ಅದರಲ್ಲಿರುತ್ತದೆ. ಮೊನ್ನೆ ಮೊನ್ನೆ ಒಬ್ಬಳು ಜಾಣ ಎಂಜಿನಿಯರು ಅದನ್ನು ಓದಿ, ಎರಡು ದಿನ ಯೋಚಿಸಿ, ಬೇಡವೆಂದು ಬ್ಯಾಂಕೊಂದರ ಕೆಲಸಕ್ಕೆ ಸೇರಿದಳು. ಆ ಜಾಗಕ್ಕೆ ಇನ್ನೂ ಹುಡುಕುತ್ತಿದ್ದಾರೆ. ಹಾಳೆಯನ್ನು ಕೊಡುವುದು ಮಾತ್ರ ನಿಲ್ಲಿಸಿಲ್ಲ.