ಸದ್ದು ಮಾಡದ ಕೈ

ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ. ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಹಾಗಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಂಡಕ್ಟರ್ ಬಗ್ಗೆ ಮಾತು ತೆಗೆದಾಗಲೆಲ್ಲ ಗೆಳೆಯರು ಕೇಳುವುದು ಒಂದೇ: ‘ಅಷ್ಟಕ್ಕೂ ಅವರು ಮಾಡುವುದಾದರೂ ಏನು?’ ತಮಾಷೆಗೆ ಕೇಳಿದರೂ ಪ್ರಶ್ನೆ ತಮಾಷೆಯದಲ್ಲ. ವೇದಿಕೆಯ ಮೇಲೆ ಎಂಬತ್ತು, ನೂರು ಜನ. ಪಿಟೀಲು, ಚೆಲ್ಲೊ, ಕೊಳಲು, ತುತ್ತೂರಿ, ನಗಾರಿ ಹೀಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ವಾದ್ಯ. ಎದುರಿಗೆ ನಿಂತ ಒಬ್ಬರ ಕೈಯಲ್ಲಿ ಮಾತ್ರ ಸದ್ದೇ ಮಾಡದ ಒಂದು ಕಡ್ಡಿ. ಆದರೂ ಭಿತ್ತಿಪತ್ರದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಅವರ ಹೆಸರೇ. ಒಂದು ಸ್ವರವನ್ನೂ ನುಡಿಸದವರಿಗೆ ನೂರು ಜನರ ದುಡಿಮೆಯ ಮೇಲೆ ಈ ಹಕ್ಕು ಎಲ್ಲಿಂದ ಬಂತು?

ಈ ಮೌನ ಮೊದಲಿನಿಂದಲೂ ಇದ್ದದ್ದಲ್ಲ. 17ನೇ ಶತಮಾನದ ಫ್ರಾನ್ಸಿನಲ್ಲಿ ಲುಲಿ ಎಂಬ ಸಂಗೀತಗಾರ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟುತ್ತ ತಂಡಕ್ಕೆ ಲಯ ಹಿಡಿಸುತ್ತಿದ್ದ. ಆ ಕೋಲು ತನ್ನ ಕಾಲಿಗೇ ಬಡಿದು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. 19ನೇ ಶತಮಾನದಲ್ಲಿ ತಂಡಗಳು ದೊಡ್ಡದಾಗುತ್ತ ಹೋದಂತೆ ಗಾಳಿಯಲ್ಲಿ ಆಡುವ ಸಣ್ಣ ಕಡ್ಡಿ ರೂಢಿಗೆ ಬಂತು. ಸದ್ದು ಕಡಿಮೆಯಾಯಿತು, ಅಧಿಕಾರ ಹೆಚ್ಚಾಯಿತು.

ಆ ಅಧಿಕಾರವನ್ನು ನೇರವಾಗಿ ಪ್ರಶ್ನಿಸಿದವರೂ ಇದ್ದಾರೆ. ಕ್ರಾಂತಿಯ ನಂತರದ ಮಾಸ್ಕೋದಲ್ಲಿ, 1922ರಲ್ಲಿ, ‘ಪೆರ್ಸಿಮ್ಫಾನ್ಸ್’ ಎಂಬ ಕಂಡಕ್ಟರ್ ಇಲ್ಲದ ಆರ್ಕೆಸ್ಟ್ರಾ ಶುರುವಾಯಿತು. ಎಲ್ಲರೂ ಸಮಾನರಾದ ಮೇಲೆ ಕಡ್ಡಿ ಹಿಡಿದ ಯಜಮಾನ ಯಾಕೆ ಎಂಬುದು ಅದರ ಹಿಂದಿನ ತರ್ಕ. ವಾದಕರು ಒಬ್ಬರಿಗೊಬ್ಬರು ಕಾಣುವಂತೆ ಸುತ್ತುಗಟ್ಟಿ ಕೂರುತ್ತಿದ್ದರು. ಕೆಲವರ ಬೆನ್ನು ಸಭೆಯ ಕಡೆಗೇ ಇರುತ್ತಿತ್ತು. ಹತ್ತು ವರ್ಷ ನಡೆದು 1932ರಲ್ಲಿ ಅದು ನಿಂತುಹೋಯಿತು. 1972ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ ಕೂಡ ಕಂಡಕ್ಟರ್ ಇಲ್ಲದೆಯೇ ಹೆಸರು ಮಾಡಿತು. ಅಂದರೆ ಕಂಡಕ್ಟರ್ ಇಲ್ಲದೆ ಸಂಗೀತ ಸಾಧ್ಯ. ಆದರೆ ಆಗ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಜೊತೆಗೆ ಉಳಿದವರ ಪಾಲೂ ಗೊತ್ತಿರಬೇಕು, ತಾಲೀಮಿಗೆ ಹೆಚ್ಚು ಹೊತ್ತು ಕೊಡಬೇಕು. ಕಂಡಕ್ಟರನ್ನು ಕೈಬಿಡಬಹುದು, ಕೇಳಿಸಿಕೊಳ್ಳುವ ಕೆಲಸವನ್ನು ಕೈಬಿಡಲಾಗದು.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅನಿಸುತ್ತದೆ. ತುತ್ತೂರಿ ನುಡಿಸುವವರ ಕಿವಿಯಲ್ಲಿ ತಮ್ಮದೇ ತುತ್ತೂರಿ ತುಂಬಿರುತ್ತದೆ, ಆಚೆ ತುದಿಯ ಪಿಟೀಲು ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಕೇಳಬಲ್ಲ ಜಾಗದಲ್ಲಿ ನಿಂತಿರುವವರು ಕಂಡಕ್ಟರ್. ತಾವು ನುಡಿಸದೆ ಇರುವುದರಿಂದಲೇ ಅವರಿಗದು ಸಾಧ್ಯ. ಅವರ ಹಕ್ಕು ಕಡ್ಡಿಯಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಕಿವಿ ಕೆಲಸ ನಿಲ್ಲಿಸಿದ ದಿನ ಆ ಹಕ್ಕೂ ಮುಗಿಯಿತು.

ಆದರೆ ಸುಮ್ಮನಿರುವವರೆಲ್ಲ ಕೇಳುತ್ತಿರುತ್ತಾರೆ ಎಂದೇನೂ ಇಲ್ಲ. ಟೊಸ್ಕನಿನಿಯ ತಾಲೀಮುಗಳ ಧ್ವನಿಮುದ್ರಣಗಳಲ್ಲಿ ಆತ ವಾದಕರ ಮೇಲೆ ಕೂಗಾಡುವುದು ಇಂದಿಗೂ ಕೇಳಸಿಗುತ್ತದೆ. ಕಛೇರಿಯ ದಿನ ಆತನ ಕೈ ಎಷ್ಟೇ ನಿಶ್ಶಬ್ದವಾಗಿ ಆಡಲಿ, ವಾದಕರ ಕಿವಿಯಲ್ಲಿ ಆ ಕೂಗು ಉಳಿದಿರದೆ ಇದ್ದೀತೆ? ಫ್ಯಾಸಿಸ್ಟರ ಗೀತೆಯನ್ನು ನುಡಿಸಲು ಒಪ್ಪದೆ 1931ರಲ್ಲಿ ಬೊಲೊನ್ಯ ನಗರದಲ್ಲಿ ಪೆಟ್ಟು ತಿಂದವನೂ ಇದೇ ಟೊಸ್ಕನಿನಿ. ಹೊರಗಿನ ಸರ್ವಾಧಿಕಾರಿಗೆ ತಲೆಬಾಗದ ದೊಡ್ಡ ಮನುಷ್ಯರೂ ತಮ್ಮ ಕೋಣೆಯೊಳಗಿನ ಸರ್ವಾಧಿಕಾರವನ್ನು ಶಿಸ್ತು ಎಂದು ಕರೆದುಕೊಳ್ಳಬಲ್ಲರು. ಸಂಗೀತ ಚೆನ್ನಾಗಿ ಬಂತಲ್ಲ ಎಂಬ ಸಮಾಧಾನ ನನಗೆ ಸಾಲುವುದಿಲ್ಲ.

ಕರ್ನಾಟಕ ಸಂಗೀತದಲ್ಲಿ ಕಂಡಕ್ಟರ್ ಇಲ್ಲ. ಆದರೆ ಅಧಿಕಾರ ತಾನಾಗಿಯೇ ಪಕ್ಕಕ್ಕೆ ಸರಿಯುವ ಒಂದು ಹೊತ್ತು ಇದೆ. ತನಿ ಆವರ್ತನ ಶುರುವಾದೊಡನೆ ಗಾಯಕರು ಹಾಡು ನಿಲ್ಲಿಸಿ, ಮೃದಂಗ, ಘಟ, ಖಂಜಿರದವರಿಗೆ ತಾಳ ಹಾಕುತ್ತ ಕೂರುತ್ತಾರೆ. ಆವರೆಗೆ ಮುಖ್ಯರಾಗಿದ್ದವರ ಕೆಲಸ ಈಗ ಲೆಕ್ಕ ತಪ್ಪದಂತೆ ಕೇಳುವುದು. ನಮ್ಮ ತಾಳಶಾಸ್ತ್ರವೂ ಕೈಯ ಚಲನೆಗಳನ್ನು ಸಶಬ್ದ ಕ್ರಿಯೆ, ನಿಃಶಬ್ದ ಕ್ರಿಯೆ ಎಂದು ವಿಂಗಡಿಸುತ್ತದೆ. ಆದಿತಾಳದ 8 ಎಣಿಕೆಗಳಲ್ಲಿ ಸದ್ದಾಗುವ ಘಾತ 3 ಮಾತ್ರ. ಬೆರಳೆಣಿಕೆ ಮತ್ತು ಹುಸಿ ಸೇರಿ ಉಳಿದ 5 ಸದ್ದಿಲ್ಲದವು. ಹುಸಿ ಎಂದು ಹೆಸರಿದ್ದರೂ ಅದನ್ನು ಬಿಟ್ಟರೆ ತಾಳ ನಿಲ್ಲುವುದಿಲ್ಲ.

ಇನ್ನು ಸಭೆಯ ಮೌನ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಮೊಟ್ಸಾರ್ಟ್ ಖುಷಿಯಿಂದ ತಂದೆಗೆ ಬರೆದಿದ್ದ. ಉಸಿರು ಬಿಗಿಹಿಡಿದು ಕೂರುವ ಶಿಸ್ತು ಯುರೋಪಿನ ಸಭಾಂಗಣಗಳಿಗೆ ಬಂದದ್ದು ಆಮೇಲೆ. ನಮ್ಮ ಕಛೇರಿಗಳಲ್ಲಂತೂ ಒಂದು ‘ಭಲೇ’, ತೊಡೆಯ ಮೇಲೆ ಹಾಕುವ ತಾಳ, ಇವೆಲ್ಲ ಕೇಳುತ್ತಿದ್ದೇವೆ ಎಂಬುದರ ಗುರುತುಗಳೇ. ಹಾಗಾಗಿ ಮೌನವನ್ನು ಸುಮ್ಮನೆ ಪೂಜಿಸಲಾರೆ. ಆದರೂ 2010ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಉತ್ಸವದಲ್ಲಿ ಕ್ಲಾಡಿಯೊ ಅಬ್ಬಾಡೊ ಮಾಲರನ ಒಂಬತ್ತನೇ ಸಿಂಫನಿಯನ್ನು ಮುಗಿಸಿದ ಬಗೆಯನ್ನು ಧ್ವನಿಚಿತ್ರದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಕೊನೆಯಲ್ಲಿ ತಂತಿವಾದ್ಯಗಳ ಸ್ವರ ತೆಳುವಾಗುತ್ತ ಆಗುತ್ತ ಇಲ್ಲವಾಗುತ್ತದೆ. ಆಮೇಲೆ ಸುಮಾರು ಎರಡು ನಿಮಿಷ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆ ವಾದಕರೆಲ್ಲ ಅಬ್ಬಾಡೊ ತಾನೇ ಆರಿಸಿ ಕರೆದುಕೊಂಡವರು. ತಾಲೀಮಿನಲ್ಲಿ ಆತ ಕಡಿಮೆ ಮಾತಾಡಿ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಿ ಎನ್ನುತ್ತಿದ್ದವನು. ಆ ಎರಡು ನಿಮಿಷ ಅಪ್ಪಣೆಯಿಂದ ಹುಟ್ಟಿದ್ದು ಎಂದು ನನಗೆ ಅನಿಸಿಲ್ಲ. ಅಲ್ಲಿದ್ದವರಿಗೆ ಇನ್ನೂ ಏನೋ ಕೇಳಿಸುತ್ತಿತ್ತು.

ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಕೂರುವ ವಿಚಾರ ಸಂಕಿರಣಗಳಲ್ಲಿ ಮೌನಕ್ಕೇನೂ ಬರವಿಲ್ಲ. ಒಬ್ಬರು ಪ್ರಬಂಧ ಓದುತ್ತಾರೆ. ಉಳಿದವರು ಸುಮ್ಮನೆ ತಮ್ಮ ಸರದಿಯ ಮಾತನ್ನು ಜೋಡಿಸಿಕೊಳ್ಳುತ್ತಿರುತ್ತಾರೆ. ಮೂವರಿಗೆ ಹತ್ತತ್ತು ನಿಮಿಷ ಕೊಟ್ಟ ಗೋಷ್ಠಿಯ ಅಧ್ಯಕ್ಷರು ತಾವು ನಲವತ್ತು ನಿಮಿಷ ಮಾತಾಡುವುದೂ ಉಂಟು. ಅಪರೂಪಕ್ಕೆ ಮಾತ್ರ ಇನ್ನೊಂದು ಬಗೆಯವರು ಸಿಗುತ್ತಾರೆ. ಮೊದಲ ಸಾಲಿನವರ ಮಾತನ್ನು ಒಂದು ಕ್ಷಣ ತಡೆದು, ಹಿಂದಿನ ಬೆಂಚಿನಲ್ಲಿ ಅರ್ಧ ಎತ್ತಿದ ಕೈಯನ್ನು ಗಮನಿಸಿ, ‘ನೀವು ಹೇಳಿ’ ಎನ್ನುತ್ತಾರೆ. ಅಧಿಕಾರದಲ್ಲಿ ಇರುವವರನ್ನು ಅಳೆಯಲು ನನಗೀಗ ಇದೊಂದೇ ಅಳತೆ ಸಾಕು: ಅವರಿದ್ದಾಗ ಕೋಣೆಯಲ್ಲಿ ಅವರೊಬ್ಬರೇ ಕೇಳಿಸುತ್ತಾರೆಯೇ, ಅಥವಾ ಉಳಿದವರಿಗೆ ಒಬ್ಬರಿಗೊಬ್ಬರು ಕೇಳಿಸತೊಡಗುತ್ತಾರೆಯೇ?