ಮನಸ್ಸಿನ ಲೆಕ್ಕ, ಸಾಕ್ಷಿಯ ಸಮ್ಮುಖದಲ್ಲಿ

ಮನಸ್ಸು ಚಂಚಲವಾದುದು, ಅದನ್ನು ನಿಗ್ರಹಿಸುವುದು ಗಾಳಿಯನ್ನು ಹಿಡಿದಿಟ್ಟಷ್ಟೇ ಕಷ್ಟವೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಭಗವಂತನಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ. ಅಭ್ಯಾಸ ಮತ್ತು ವೈರಾಗ್ಯಗಳಿಂದ ಅದು ಸಾಧ್ಯವೆಂಬುದು ಶ್ರೀಕೃಷ್ಣನ ಉತ್ತರ. ಅರ್ಜುನನಂತಹ ವೀರನಿಗೇ ಹೀಗಾದರೆ, ಬೆಳಗಾದೊಡನೆ ಹಾರ್ಬರ್ ಲೈನಿನ ಗಾಡಿಗೆ ಓಡಿ ರಾತ್ರಿ ಮನೆ ಸೇರುವ ನಮ್ಮ ಪಾಡೇನು? ಸಂಧ್ಯಾವಂದನೆಗೆ ಕುಳಿತರೂ ಕಚೇರಿಯ ಮಾತು, ಮಕ್ಕಳ ಪರೀಕ್ಷೆ, ಊರಿನ ಜಮೀನಿನ ವ್ಯಾಜ್ಯ ಒಂದರ ಹಿಂದೊಂದು ಬಂದು ಮುತ್ತುತ್ತವೆ. ಇದಕ್ಕೆ ಇತ್ತೀಚೆಗೆ ಅನೇಕರು ಒಂದು ಉಪಾಯ ಹೇಳುತ್ತಾರೆ. ಮನಸ್ಸಿನಲ್ಲಿದ್ದುದನ್ನು ದಿನವೂ ಸ್ವಲ್ಪ ಹೊತ್ತು ಬರೆದಿಡಿ. ಶಾಂತಿ ದೊರೆಯುತ್ತದೆ, ಹೊಸ ವಿಚಾರಗಳೂ ತಾವಾಗಿ ಹರಿದುಬರುತ್ತವೆ ಎಂದು. ಆಸ್ತಿಕನಿಗೆ ಇಲ್ಲೊಂದು ಸಂದೇಹ ಸಹಜ. ತನ್ನ ವಿಷಯವನ್ನೇ ದಿನವೂ ಬರೆಯುತ್ತಿದ್ದರೆ 'ನಾನು, ನನ್ನದು' ಎಂಬ ಅಭಿಮಾನಕ್ಕೆ ನೀರೆರೆದಂತಾಗದೆ?

ನನ್ನ ಅನುಭವವೊಂದನ್ನು ಮೊದಲು ನಿವೇದಿಸುವೆನು. 1996ರಲ್ಲಿ ನಾವು ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ವಸತಿಯಲ್ಲಿದ್ದೆವು. ಉಡುಪಿಯ ಸಮೀಪದ ಹಳ್ಳಿಯಲ್ಲಿ ತಾಯಿ ತೀರಿಕೊಂಡ ಸುದ್ದಿ ಮಧ್ಯಾಹ್ನ ಬಂದಿತು. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು 1998ರ ಜನವರಿಯಲ್ಲಿ. ಅಂದು ನನಗಿದ್ದುದು ಬಸ್ಸೊಂದೇ. ಮರುದಿನ ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹಿರಿಯ ಮಗನಾದ ನಾನಿರದೆ ತಮ್ಮನೇ ಅಗ್ನಿಸಂಸ್ಕಾರ ಮಾಡಿದ್ದನು. "ನನಗಾಗಿ ಕಾಯಬಾರದಿತ್ತೇ?" ಎಂದು ನೆಂಟರೆಲ್ಲರ ಎದುರು ಅವನನ್ನು ಗದರಿದೆನು. ಅವನು ತಲೆ ತಗ್ಗಿಸಿ ನಿಂತನು.

ಉತ್ತರಕ್ರಿಯೆ ಮುಗಿಸಿ ಮುಂಬಯಿಗೆ ಮರಳಿದ ಮೇಲೂ ಆ ಕೋಪ ನಿದ್ರೆ ಕೆಡಿಸಿತು. ಒಂದು ರಾತ್ರಿ ಮಗನ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ತಮ್ಮನಿಗೆ ಕಾಗದ ಬರೆಯತೊಡಗಿದೆನು. ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಮರುರಾತ್ರಿ ಮತ್ತೆ ಬರೆದೆನು. ಏಳೆಂಟು ರಾತ್ರಿ ಬರಿಯ ದೋಷಾರೋಪಣೆಯೇ ತುಂಬಿತು. ಆಮೇಲೊಂದು ದಿನ, ಯೋಚಿಸದೆಯೇ, ಒಂದು ವಾಕ್ಯ ಬಂದಿತು: "ಮೂರು ವರ್ಷಗಳಿಂದ ನಾನು ಅಮ್ಮನನ್ನು ನೋಡಲು ಹೋಗಿರಲಿಲ್ಲ." ಅಲ್ಲಿಗೆ ಕೈ ನಿಂತಿತು. ತಮ್ಮನ ಮೇಲಿನ ಕೋಪದ ಅಡಿಯಲ್ಲಿ ಅವಿತಿದ್ದುದು ನನ್ನದೇ ಪಶ್ಚಾತ್ತಾಪ. ಹಿಂದಿನ ಹಾಳೆಗಳನ್ನು ಹರಿದು, ಕ್ಷಮೆ ಬೇಡಿ ನಾಲ್ಕು ಸಾಲು ಬರೆದು ಕಳುಹಿಸಿದೆನು. ತಾಯಿಯ ವರ್ಷಾಬ್ದಿಕಕ್ಕೆ ನಾವಿಬ್ಬರೂ ಜೊತೆಯಾಗಿ ಕುಳಿತೆವು.

ಆ ವಾಕ್ಯವನ್ನು ನನ್ನೆದುರು ತಂದವರಾರು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆ. ಮನಸ್ಸು ಒಂದು ಇಂದ್ರಿಯ. ಜಡವಾದುದು, ಭ್ರಮೆಗೂ ಒಳಗಾಗುವಂಥದು. ಅದಕ್ಕಿಂತ ಒಳಗೆ, ಜೀವನ ಸ್ವರೂಪವೇ ಆದ ಸಾಕ್ಷಿಯಿದೆ. ಸುಖದುಃಖಗಳನ್ನೂ ಮನಸ್ಸಿನ ವೃತ್ತಿಗಳನ್ನೂ ನೇರವಾಗಿ ಅರಿಯುವುದು ಆ ನಿರ್ದೋಷವಾದ ಸಾಕ್ಷಿಯೇ. ಕೋಪ ಬಂದಾಗ ನಾವೇ ಕೋಪವಾಗಿಬಿಡುತ್ತೇವೆ. ನೋಡುವವನಿಗೂ ನೋಟಕ್ಕೂ ನಡುವೆ ಎಡೆಯೇ ಉಳಿಯುವುದಿಲ್ಲ. ಬರೆದಾಗ ಮನೋವೃತ್ತಿ ಕಾಗದದ ಮೇಲೆ ನಮ್ಮೆದುರು ನಿಲ್ಲುತ್ತದೆ. ಸಾಕ್ಷಿಯು ಮೊದಲೇ ಬಲ್ಲ ಸತ್ಯವನ್ನು ಮನಸ್ಸೂ ಒಪ್ಪಲೇಬೇಕಾಗುತ್ತದೆ. ಶಾಂತಿಯು ಹುಟ್ಟುವುದು ಆ ಒಪ್ಪಿಗೆಯಿಂದ.

ಆಧುನಿಕರೂ ಇದನ್ನು ಪರೀಕ್ಷಿಸಿದ್ದಾರೆ. 1986ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ನೋವಿನ ಘಟನೆಯನ್ನು ಬರೆದರು. ಘಟನೆಯನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಿಮೆ. ಆದರೆ ಬರೆದೊಡನೆ ಅವರ ಮನಸ್ಸು ಹಗುರವಾಗಲಿಲ್ಲ, ಮೊದಲು ಭಾರವೇ ಆಯಿತು. ಹುಣ್ಣು ತೊಳೆದಾಗ ಮೊದಲು ಉರಿಯುವಂತೆ ಇದೂ ಸಹಜ.

ನಮ್ಮ ಹರಿದಾಸರಿಗೆ ಇದು ಹೊಸದಲ್ಲ. ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಬೈದು, ಬುದ್ಧಿ ಹೇಳಿ, ಕಳೆದ ಆಯುಷ್ಯದ ಲೆಕ್ಕವನ್ನು ಸ್ವಾಮಿಯ ಮುಂದಿಟ್ಟ ಪದಗಳು ಎಷ್ಟಿಲ್ಲ! ಆ ಲೆಕ್ಕ ಅಹಂಕಾರವಾಗದಂತೆ ಕಾದುದು ಕೊನೆಯ ಅಂಕಿತ. ಪುರಂದರದಾಸರಿಗೆ ಪುರಂದರವಿಠಲ, ವಿಜಯದಾಸರಿಗೆ ವಿಜಯವಿಠಲ, ಗಿರಿಯಮ್ಮನವರಿಗೆ ಹೆಳವನಕಟ್ಟೆ ರಂಗ. ಸಹಿ ಹಾಕಬೇಕಾದ ಸ್ಥಳದಲ್ಲಿ ತಮ್ಮ ಹೆಸರಿರದೆ ಅವನ ಹೆಸರಿದೆ. ಜೀವನಿಗೆ ಕರ್ತೃತ್ವವುಂಟು, ಅದು ಭಗವದಧೀನವಾದುದು ಎಂಬ ತತ್ತ್ವವೇ ಇಲ್ಲಿ ಆಚರಣೆಗೆ ಬಂದಿದೆ. ಕರ್ತೃತ್ವವುಂಟೆಂದುದರಿಂದ ತಪ್ಪಿನ ಹೊಣೆ ನಮ್ಮದು. ಅದು ಅವನ ಅಧೀನವೆಂದುದರಿಂದ ಗರ್ವಕ್ಕೆ ಎಡೆಯಿಲ್ಲ.

ರಚನೆಯ ಸ್ರೋತಸ್ಸಿನ ರಹಸ್ಯವೂ ಇದೇ. ಶ್ರೀಮದಾಚಾರ್ಯರು ಅನುವ್ಯಾಖ್ಯಾನದ ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಯಿಸಿದರೆಂಬುದು ಸಂಪ್ರದಾಯದಲ್ಲಿ ಪ್ರಸಿದ್ಧ. ಅಂತಹ ವಾಕ್ಪ್ರವಾಹ ನಮಗೆಲ್ಲಿಯದು? ನಮಗೆ ಒಪ್ಪುವುದು ಲಿಪಿಕಾರನ ಸ್ಥಾನ. ಆಚಾರ್ಯರ ಸಾಕ್ಷಾತ್ ಶಿಷ್ಯರೂ ಪಲಿಮಾರು ಮಠದ ಮೂಲಯತಿಗಳೂ ಆದ ಶ್ರೀ ಹೃಷೀಕೇಶತೀರ್ಥರು ತಾಳೆಗರಿಯಲ್ಲಿ ಬರೆದಿಟ್ಟ ಸರ್ವಮೂಲದ ಪಾಠವನ್ನು ಆಧರಿಸಿಯೇ ನಮ್ಮ ಕಾಲದಲ್ಲಿ ಬನ್ನಂಜೆ ಗೋವಿಂದಾಚಾರ್ಯರು ಗ್ರಂಥಗಳನ್ನು ಶೋಧಿಸಿ ಪ್ರಕಟಿಸಿದರು. ಜನ ಮೆಚ್ಚುವರೇ ಎಂಬ ಚಿಂತೆ ಬಿಟ್ಟು, ಬಂದುದನ್ನು ಶ್ರದ್ಧೆಯಿಂದ ಬರೆದುಕೊಳ್ಳುವವನ ಕೈ ತಡವರಿಸುವುದಿಲ್ಲ. ಭಜನೆಗೊಂದು ಪದವಾಗಲಿ, ಮೊಮ್ಮಕ್ಕಳಿಗೊಂದು ಕಥೆಯಾಗಲಿ ಹುಟ್ಟುವುದು ಅಂತಹ ನಿಶ್ಚಿಂತೆಯಲ್ಲಿ.

ಬರೆಯುವ ವಿಧಾನ ಸುಲಭ. ಸಂಕಲ್ಪದಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನೂ ನಿಂತ ದೇಶವನ್ನೂ ಹೇಳಿಕೊಳ್ಳುವಂತೆ, ಪುಟದ ಮೇಲೆ ಅಂದಿನ ತಿಥಿಯನ್ನೂ ಸ್ಥಳವನ್ನೂ ಬರೆಯಿರಿ. ಊರು ಬಿಟ್ಟು ಬಂದ ನಮಗೆ ಇದೂ ಒಂದು ಸಾಧನೆ. ದೇಹ ವಡಾಲದಲ್ಲಿದ್ದು ಮನಸ್ಸು ಊರಿನ ಅಂಗಳದಲ್ಲಿ ಅಲೆಯುವಾಗ, ಇಂದು ಇಲ್ಲಿದ್ದೇನೆ ಎಂದು ಅದು ನೆನಪಿಸುತ್ತದೆ. ನಡೆದುದನ್ನು ನಡೆದಂತೆ ಬರೆಯಿರಿ, ಅನಿಸಿದುದನ್ನು ಮುಚ್ಚಿಡದಿರಿ, ಕೊನೆಗೆ, ಇದರಲ್ಲಿ ನನ್ನ ಪಾಲೆಷ್ಟು ಎಂದು ಕೇಳಿಕೊಳ್ಳಿ. ಪರರ ಗುಟ್ಟನ್ನು ಬರೆದು ಪುಸ್ತಕವನ್ನು ನಿಂದೆಯ ಭಂಡಾರ ಮಾಡಬಾರದು. ಮನೆಯವರ ಪುಸ್ತಕವನ್ನು ಕದ್ದು ಓದುವುದೂ ಸಲ್ಲದು. ಬರೆದಷ್ಟೂ ದುಃಖ ಹೆಚ್ಚುತ್ತಲೇ ಇದ್ದರೆ ಲೇಖನಿಯನ್ನು ಕೆಳಗಿಟ್ಟು ಹಿರಿಯರಲ್ಲಿ ಹೇಳಿಕೊಳ್ಳಿ, ವೈದ್ಯರನ್ನು ಕಾಣಿ, ಅದರಲ್ಲಿ ಸಂಕೋಚವೇನಿಲ್ಲ.

ನನ್ನ ಆ ನೋಟುಪುಸ್ತಕದಲ್ಲಿ ಒಂದೇ ಒಂದು ಹಾಳೆಯನ್ನು ಹರಿಯದೆ ಉಳಿಸಿಕೊಂಡಿದ್ದೇನೆ. ಅದರಲ್ಲಿರುವುದು ಅಮ್ಮನ ಕುರಿತ ಆ ಒಂದು ವಾಕ್ಯ. ಅದರ ಕೆಳಗೆ ಬಹಳ ದಿನಗಳ ಅನಂತರ, ಶಾಯಿ ಬೇರೆಯಾಗಿ, ಬರೆದುದು ಇಷ್ಟೇ:

ಶ್ರೀಕೃಷ್ಣಾರ್ಪಣಮಸ್ತು.