ಒಳ್ಳೆಯ ಕೆಲಸಕ್ಕೆ ಸುಳ್ಳಿನ ಸಹಾಯ ಬೇಕಾ? (ಇಬ್ರಿಯರಿಗೆ 10:24)

ಪ್ರಿಯರೇ, ವಾಕ್ಯಕ್ಕೆ ಹೋಗೋ ಮೊದಲು ನನ್ನದೇ ಒಂದು ತಪ್ಪನ್ನ ನಿಮ್ಮ ಮುಂದೆ ಅರಿಕೆ ಮಾಡಬೇಕು.

ನಮ್ಮ ಯೌವನಸ್ಥರ ಕೂಟದಲ್ಲಿ ಊಟ ಆದ ಮೇಲೆ ಪ್ಲಾಸ್ಟಿಕ್ ಲೋಟಗಳು ಮೂಟೆಗಟ್ಟಲೆ ಬೀಳ್ತಿದ್ದವು. ದೇವರ ಸೃಷ್ಟಿಯನ್ನ ಕಾಪಾಡಿ ಅಂತ ಮೂರು ವಾರ ಹೇಳಿದೆ. ಎಲ್ಲರೂ ಆಮೆನ್ ಅಂದ್ರಿ. ಮೂಟೆ ಮಾತ್ರ ಕಡಿಮೆ ಆಗಲಿಲ್ಲ.

ಆಗ ಮನಃಶಾಸ್ತ್ರದ ಒಂದು ಸಂಶೋಧನೆ ಓದಿದೆ. ಅಮೆರಿಕದ ರಾಬರ್ಟ್ ಚಾಲ್ಡಿನಿ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ್ದು. ಟವೆಲನ್ನ ದಿನಾ ಒಗೆಯೋಕೆ ಹಾಕದೆ ಮತ್ತೆ ಬಳಸಿ ಅಂತ ಹೋಟೆಲ್ ರೂಮುಗಳಲ್ಲಿ ಚೀಟಿ ಇಟ್ಟರು. ಪರಿಸರ ಉಳಿಸಿ ಅಂತ ಬರೆದ ಕಡೆ ನೂರಕ್ಕೆ ಸುಮಾರು 35 ಜನ ಹಾಗೆ ಮಾಡಿದರು. ಇಲ್ಲಿ ಉಳಿದವರಲ್ಲಿ ಹೆಚ್ಚಿನವರು ಮತ್ತೆ ಬಳಸ್ತಾರೆ ಅಂತ ಬರೆದ ಕಡೆ ಸುಮಾರು 44.

ನಾನೂ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: "ನಮ್ಮಲ್ಲಿ ಹೆಚ್ಚಿನವರು ಈಗ ಸ್ವಂತ ಲೋಟ ತರ್ತಾರೆ." ಕೆಲಸ ಮಾಡ್ತು! ಆದರೆ ಒಬ್ಬ ಸಹೋದರಿ ಬಂದು ಕೇಳಿದ್ರು, "ಪಾಸ್ಟರ್, ಹೆಚ್ಚಿನವರು ಅಂದ್ರೆ ಎಷ್ಟು ಜನ?" ನನ್ನ ಬಾಯಿ ಕಟ್ಟಿತು. ಚೀಟಿ ಬರೆದ ದಿನ ಲೋಟ ತಂದವರು ಆರೇ ಜನ.

ಹಾಗಾದ್ರೆ ಮನಃಶಾಸ್ತ್ರ ಬಳಸಿದ್ದೇ ತಪ್ಪಾ? ಅಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯೋ ಹಾಗೆ ದೇವರೇ ನಮ್ಮನ್ನ ಸೃಷ್ಟಿಸಿದ್ದಾರೆ. ಇವತ್ತಿನ ವಾಕ್ಯವೂ ಒಬ್ಬರನ್ನೊಬ್ಬರು ಸತ್ಕಾರ್ಯಕ್ಕೆ ಹುರಿದುಂಬಿಸಿ ಅಂತಲೇ ಹೇಳುತ್ತೆ. ಯೋಹಾನ 6ರಲ್ಲಿ ಯೇಸು ಉಳಿದ ತುಂಡುಗಳನ್ನು ಕೂಡಿಸಲು ಹೇಳಿದಾಗ, ಶಿಷ್ಯರು ಅಷ್ಟು ಜನರ ಕಣ್ಣೆದುರೇ ಹನ್ನೆರಡು ಪುಟ್ಟಿ ತುಂಬಿಸಿದರು. ಅದು ಮಾದರಿ. ಅದು ನಿಜವಾಗಿ ನಡೆದದ್ದು.

ಏದೆನ್ ತೋಟದ ಸರ್ಪಕ್ಕೂ ಮನುಷ್ಯನ ಮನಸ್ಸು ಚೆನ್ನಾಗಿ ಗೊತ್ತಿತ್ತು. ಆದರೆ ಅದು ಸುಳ್ಳು ಸೇರಿಸಿ ತಳ್ಳಿತು. ದೇವರು ಸತ್ಯ ಹೇಳಿ, ಆರಿಸಿಕೊಳ್ಳೋದನ್ನ ನಮಗೆ ಬಿಡ್ತಾರೆ. ಯಾರನ್ನಾದರೂ ಒಳ್ಳೆಯದಕ್ಕೆ ತಳ್ಳೋ ಮೊದಲು ಹೀಗೆ ಕೇಳಿಕೊಳ್ಳಿ: ನಾನು ಮಾಡಿದ್ದನ್ನ ಅವರಿಗೇ ಬಿಡಿಸಿ ಹೇಳಿದ್ರೆ ನನಗೆ ನಾಚಿಕೆ ಆಗುತ್ತಾ? ಆಗುತ್ತೆ ಅಂದ್ರೆ ಅದು ಪ್ರೋತ್ಸಾಹ ಅಲ್ಲ, ಮೋಸ. ನನಗೆ ನಾಚಿಕೆ ಆಯ್ತು.

ಇನ್ನೊಂದು ಮಾತು. ಚೀಟಿ ಸಭೆಯ ಬಾಗಿಲವರೆಗೆ ಮಾತ್ರ ಕೆಲಸ ಮಾಡುತ್ತೆ. ನಿಮ್ಮ ಪಿಜಿಯಲ್ಲಿ ರಾತ್ರಿ ಹಸಿ ಕಸ, ಒಣ ಕಸ ಒಟ್ಟಿಗೆ ಸುರಿಯುವಾಗ ಯಾರೂ ನೋಡಲ್ಲ. ಆದರೆ ಆ ಕಸ ಎಲ್ಲೋ ಹೋಗಿ ಬೀಳುತ್ತೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯ್ತು. ಆ ನಾತ ತಾಳಲಾರದೆ 2014ರಲ್ಲಿ ಊರಿನವರು ಪ್ರತಿಭಟನೆಗೆ ಇಳಿದರು. ಅವರು ನಮ್ಮ ನೆರೆಯವರಲ್ವಾ? ನೆರೆಯವನನ್ನ ಪ್ರೀತಿಸೋ ಮನಸ್ಸನ್ನ ಚೀಟಿ ಕೊಡಲ್ಲ, ಪವಿತ್ರಾತ್ಮನೇ ಕೊಡಬೇಕು.

ಆ ಚೀಟಿ ಕಿತ್ತು ಹಾಕಿದ್ದೀನಿ. ಇವತ್ತು ಬೋರ್ಡಿನ ಮೇಲೆ ಎಣಿಸಿದ ಸಂಖ್ಯೆ ಇದೆ: 19. ಚಿಕ್ಕ ಸಂಖ್ಯೆ ನೋಡಿದ್ರೆ ಜನ ಉತ್ಸಾಹ ಕಳ್ಕೋತಾರೆ ಅಂತ ಕೆಲವರು ಎಚ್ಚರಿಸಿದರು. ಇರಬಹುದು. ಆದರೆ ಗಿದ್ಯೋನನ ಹತ್ತಿರ ಉಳಿದದ್ದು ಮುನ್ನೂರೇ ಜನ ಅಲ್ವಾ? ಸತ್ಯವಾದ 19 ಸಾಕು, ದೇವರು ಬೆಳೆಸ್ತಾರೆ. ಹಲ್ಲೆಲೂಯ!

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ಯಾರೂ ನೋಡದಿರುವಾಗಲೂ ನಿನ್ನ ತೋಟವನ್ನು ಕಾಯುವ ಹೃದಯವನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.